ಕೆಂಪು ಕಾಣದ ಬಣ್ಣದ ಮೇಸ್ತ್ರಿ

ಅಧ್ಯಕ್ಷತೆ ವಹಿಸಿರುವ ಡಾಕ್ಟರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಸಿಸ್ಟರಮ್ಮನವರೇ, ಕ್ಷಯರೋಗ ಚಿಕಿತ್ಸಾ ಕೇಂದ್ರದ ಸಿಬ್ಬಂದಿಯವರೇ, ಗುಣವಾದವರೇ, ಗುಣವಾಗುತ್ತಿರುವವರೇ, ಇವರನ್ನೆಲ್ಲ ಕೈಹಿಡಿದು ಕರೆತಂದ ಸಭಿಕರೇ,

ಮಾತಾಡುವುದು ನನ್ನ ಕಸುಬಲ್ಲ. ನಾನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವನು. ಹಂಡೆಯಿಂದ ಒಂದು ತುಂಡು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, “ಇನ್ನೊಂದು ಚಿಟಿಕೆ ಬೇಕು” ಎಂದರೆ ಮುಗಿಯಿತು, ಮಾಲೀಕರೂ ಎದುರಾಡುತ್ತಿರಲಿಲ್ಲ. ಕೊಬ್ಬಿತ್ತೇ? ಇತ್ತು.

ಅಂಥವನಿಗೆ ಕ್ಷಯ ಬಂತು. ಮಾತ್ರೆ ಶುರುವಾದ ಮೊದಲ ದಿನವೇ ಬಚ್ಚಲಿನಲ್ಲಿ ನನ್ನ ಮೂತ್ರ ಕಿತ್ತಳೆ ಬಣ್ಣವಾಗಿತ್ತು. ರಕ್ತವೆಂದುಕೊಂಡು ಕಿರುಚಿಬಿಟ್ಟೆ. ಇಲ್ಲಿಗೆ ಓಡಿಬಂದು ಹೇಳಿದರೆ ಸಿಸ್ಟರಮ್ಮ ನಕ್ಕರು.

“ಭಯಪಡ್ಬೇಡಿ ಮೇಸ್ತ್ರಿಗಳೇ, ಅದು ಮಾತ್ರೆಯ ಬಣ್ಣ. ನಿಮ್ಮ ಕಾರ್ಖಾನೆ ಈಗ ಒಳಗೂ ಶುರುವಾಗಿದೆ, ಅಷ್ಟೆ. ಕಣ್ಣು ಮಂಜಾದ್ರೆ ಮಾತ್ರ ತಕ್ಷಣ ಹೇಳಿ.”

ಸಭಿಕರೇ, ಮೊದಲ ಮಾತು ಕಿವಿಗೆ ಬಿತ್ತು. ಕೊನೆಯದು ಗಾಳಿಗೆ ಹೋಯಿತು.

ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು, ಡಾಕ್ಟರು ಕೆಲಸಕ್ಕೆ ಹೋಗಲು ಒಪ್ಪಿದರು. ಆಮೇಲೆ ಕೆಂಪು ಬಣ್ಣಕ್ಕೆ ಬೂದಿ ಎರಚಿದಂತೆ ಕಾಣತೊಡಗಿತು. ಕಿಟಕಿಯ ಗಾಜು ಒರೆಸಿದೆ. ಕಣ್ಣು ತೊಳೆದೆ. ಇದೂ ಮಾತ್ರೆಯ ಬಣ್ಣವೇ ಇರಬೇಕು, ಭಯಪಡಬಾರದು ಎಂದುಕೊಂಡೆ. ಯಾರಿಗಾದರೂ ಹೇಳಿದೆನೇ? ಬಣ್ಣ ಕಾಣದ ಬಣ್ಣದ ಮೇಸ್ತ್ರಿಯನ್ನು ಯಾರು ಇಟ್ಟುಕೊಳ್ಳುತ್ತಾರೆ, ಹೇಳಿ?

ಆಗ ನಾಟಕ ಮಂದಿರವೊಂದರ ಪರದೆಯ ಕೆಲಸ ಬಂತು. ಅಪ್ಪಟ ಕೆಂಪು ಬೇಕಿತ್ತು. ಒಣಗಿದ ಬಟ್ಟೆಯನ್ನು ಮಾಲೀಕರು ನನ್ನೆದುರು ಹರಡಿದರು.

“ಮೇಸ್ತ್ರಿ, ಇದು ಯಾವ ಬಣ್ಣ?”

“ಕೆಂಪೇ ಅಲ್ವಾ ಸ್ವಾಮಿ?”

ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಎಲ್ಲರ ಕೈ ನಿಂತುಹೋಗಿತ್ತು. ಕೊನೆಗೆ ಮಾಲೀಕರೇ ಹೇಳಿದರು. ಅದು ಕಂದು ಬಟ್ಟೆಯಂತೆ. ನನ್ನ ಕೈಯಿಂದಲೇ ಆದದ್ದಂತೆ.

ಮನೆಗೆ ಬಂದು ಹೇಳಿದೊಡನೆ ಹೆಂಡತಿ ಓಡಿಹೋಗಿ ಸಿಸ್ಟರಮ್ಮನನ್ನು ಕರೆತಂದಳು. ಅವರು ಗೋಡೆಯ ಕ್ಯಾಲೆಂಡರ್ ತೋರಿಸಿ ಓದಿಸಿದರು. ಎದುರಿನ ಅಕ್ಷರಗಳೂ ಕರಗಿಹೋಗಿದ್ದವು.

“ಯಾಕ್ರೀ ಹೇಳ್ಲಿಲ್ಲ?”

“ಭಯಪಡ್ಬೇಡಿ ಅಂದಿದ್ರಲ್ಲಮ್ಮ.”

ಅವರು ಹೊಸ್ತಿಲ ಮೇಲೆ ಕುಸಿದು ಕೂತರು. ಆಮೇಲೆ ನನ್ನ ರಟ್ಟೆ ಹಿಡಿದು ಎಬ್ಬಿಸಿ, ನೇರ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಎಲ್ಲ ಮಾತ್ರೆಯನ್ನೂ ಬಚ್ಚಲಿಗೆ ಸುರಿಯುತ್ತೇನೆಂದು ನಾನು ಕೂಗಾಡಿದೆ. ಕಣ್ಣಿಗೆ ಹೊಡೆತ ಕೊಟ್ಟ ಆ ಒಂದು ಮಾತ್ರೆಯನ್ನಷ್ಟೇ ಡಾಕ್ಟರು ನಿಲ್ಲಿಸಿದರು. “ಉಳಿದದ್ದು ಬಿಟ್ರೆ ಕಣ್ಣಲ್ಲ, ಜೀವ ಹೋಗುತ್ತೆ” ಎಂದರು.

ರೋಗ ವಾಸಿಯಾಯಿತು. ಅಕ್ಷರಗಳು ನಿಧಾನವಾಗಿ ಮರಳಿದವು. ಕೆಂಪು ಮಾತ್ರ ಪೂರ್ತಿ ಬರಲಿಲ್ಲ. ಈಗ ನಾನು ಬಟ್ಟೆ ತೂಗುವ ಕೆಲಸದಲ್ಲಿದ್ದೇನೆ. ಒಂದು ಸಣ್ಣ ಮಾತ್ರೆ ಒಬ್ಬ ಮನುಷ್ಯನ ಹೆಮ್ಮೆಯನ್ನು ಅಷ್ಟು ಸದ್ದಿಲ್ಲದೆ ಒಯ್ದದ್ದು ಹೇಗೆ? ನನಗೆ ಇಂದಿಗೂ ದಿಗಿಲು.

ಅಂದಿನಿಂದ ಸಿಸ್ಟರಮ್ಮ ‘ಭಯಪಡ್ಬೇಡಿ’ ಎಂದು ಸುಮ್ಮನಾಗಲಿಲ್ಲ. ಬಂದವರನ್ನೆಲ್ಲ ಕೂರಿಸಿ ಕಣ್ಣು ಹೇಗಿದೆ, ಕಾಲು ಹೇಗಿದೆ, ಊಟ ಸೇರುತ್ತಾ ಎಂದು ಕೇಳುತ್ತಿದ್ದರು. ಕೇಳಿದ್ದಕ್ಕೇ ನನ್ನವಳ ಕಾಲು ಉಳಿಯಿತು. ನನ್ನಿಂದ ಅವಳಿಗೂ ರೋಗ ಅಂಟಿ, ಮಾತ್ರೆ ನುಂಗುತ್ತಿದ್ದಾಗ ಒಂದು ದಿನ, “ನನ್ನ ಚಪ್ಪಲಿ ಬಿಸಿಲಲ್ಲಿ ಇಟ್ಟಿದ್ರಾ?” ಎಂದಳು. ಚಪ್ಪಲಿ ತಣ್ಣಗಿತ್ತು. ಉರಿಯುತ್ತಿದ್ದದ್ದು ಅಂಗಾಲು. ಸಿಸ್ಟರಮ್ಮ ಕೇಳಿದರು, ಅವಳು ಹೇಳಿದಳು, ಡಾಕ್ಟರು ಒಂದು ವಿಟಮಿನ್ ಮಾತ್ರೆ ಸೇರಿಸಿದರು. ಉರಿ ಇಳಿಯಿತು.

ಅಯ್ಯೋ. ಇದನ್ನು ಇಲ್ಲಿ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡಿದ್ದಳು. ನೆಂಟರಿಗೇ ಗೊತ್ತಿಲ್ಲ. ಅಗೋ, ಎದ್ದು ನಿಂತಳು. ಹೊರಟೇಹೋಗುತ್ತಾಳೆ ಎಂದುಕೊಂಡೆ... ಇಲ್ಲ, ಮೈಕಿಗೆ ಕೈಚಾಚಿ ವೇದಿಕೆಯ ಕಡೆಗೇ ಬರುತ್ತಿದ್ದಾಳೆ. ಸಿಸ್ಟರಮ್ಮ, ಅವಳಿಗೂ ಏನೋ ಹೇಳುವುದಿದೆಯಂತೆ.

ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ಮೈಕನ್ನು ಅವಳಿಗೆ ಕೊಡುತ್ತಿದ್ದೇನೆ. ನಮಸ್ಕಾರ.