ಕಂಬಕ್ಕೆ ಹೇಳಿದ ಕುದುರೆ ಮಾತು

ಕತ್ತೆ ಅಲ್ಲ ಕಣಪ್ಪಾ, ಕುದುರೆ. ಎಷ್ಟು ಸಲ ಹೇಳ್ಲಿ ನಿಂಗೆ? ಗಿಡ್ಡಗಿರೋದೆಲ್ಲ ಕತ್ತೆ ಅಂದ್ರೆ ಈ ಜಗಲಿ ಮೇಲೆ ಎಷ್ಟು ಜನ ಉಳೀತೀರಿ? ಸುಮ್ನೆ ಕೇಳು.

ಉಗುಳಿದ್ರೆ ನೆಲ ಮುಟ್ಟೋದ್ರೊಳಗೆ ಗಟ್ಟಿಯಾಗೋ ಅಂಥ ಒಂದು ಚಳಿದೇಶ. ಹೆಸರು ಕೇಳ್ಬೇಡಿ. ಹೇಳೋಕೆ ಬಾಯಿ ತೆಗೆದೋರ ಹಲ್ಲು ಕಟಕಟ ಅಂದು, ಇವತ್ತಿಗೂ ಯಾರಿಗೂ ಪೂರ್ತಿ ಕೇಳ್ಸಿಲ್ಲ.

ಅಲ್ಲಿಗೆ ಬಿಸಿಲೂರಿನ ದ್ಯಾವಣ್ಣ ಮನೆಅಳಿಯನಾಗಿ ಬಂದ. ಹೆಂಡತಿ ಚಿಕ್ಕತಾಯಿ, ಅತ್ತೆ ಪುಟ್ಟಮಲ್ಲಮ್ಮ, ಹಿತ್ತಲಲ್ಲೊಂದು ಗಿಡ್ಡ ಕುದುರೆ. ಮೋಟು ಕಾಲು, ಗುಡಾಣದ ಹೊಟ್ಟೆ, ಮೈತುಂಬ ಗೇಣುದ್ದ ಕೂದಲು. ಗೊರಸಲ್ಲಿ ಹಿಮ ಕೆರೆದು ಅಡೀಲಿರೋ ಒಣಹುಲ್ಲು ಮೇಯೋದು.

ಆ ಕಡೆ ಅತ್ತೆ ಅಳಿಯನ ಎದುರು ನಿಂತು ಮಾತಾಡೋ ಹಾಗಿಲ್ಲ. ಹೇಳೋದಿದ್ರೆ ನಡುಮನೆ ಕಂಬಕ್ಕೆ ಹೇಳೋದು. ಕಂಬದ ಮಾತು ತನಗ್ಯಾಕೆ ಅಂತ ದ್ಯಾವಣ್ಣ ಬಿಟ್ಬಿಡೋನು. ಬಲು ಮರ್ಯಾದಸ್ಥ.

ಮೊದಲ್ನೇ ದಿನ ನೋಡ್ತಾನೆ, ಕುದುರೆ ಬೆನ್ನ ಮೇಲೆ ಹಿಮ ಕೂತಿದೆ, ಕರಗ್ತಾ ಇಲ್ಲ. ಅಯ್ಯೋ, ತಣ್ಣಗಾಗೋಯ್ತು ಅಂತ ಪೊರಕೇಲಿ ಗುಡಿಸಿದ. ಅತ್ತೆ ಅಂದ್ಲು: "ಕಂಬವೇ, ಹಿಮ ಕರಗ್ಲಿಲ್ಲ ಅಂದ್ರೆ ಬಿಸಿ ಒಳಗೇ ಇದೆ ಅಂತ."

ಎರಡ್ನೇ ದಿನ ಅತ್ತೆ ಕಂಬಳೀನೇ ತಂದು ಹೊದಿಸ್ದ. ಕುದುರೆ ಕಂಬಳೀನ ತಿಂದು ಹಾಕ್ತು. "ಕಂಬವೇ, ಅದು ಹುಟ್ಟುವಾಗ್ಲೇ ಕಂಬಳಿ ಹೊದ್ದು ಬಂದಿದೆ."

ಮೂರ್ನೇ ದಿನ ಒಲೆ ಹತ್ರ ಮಲಗಿಸೋಣ ಅಂತ ಎಳ್ಕೊಂಡು ಬಂದ. ಹೊಸಿಲಲ್ಲಿ ನಿಂತಿದ್ದು ನಿಂತೇ ಇತ್ತು. ಎಳೆದ, ಎಳೆದ, ಎಳೆದ. ಬಾಗಿಲು ಕಿತ್ತು ಬಂತು, ಕುದುರೆ ಬರ್ಲಿಲ್ಲ. "ಕಂಬವೇ, ಅದು ನಿಂತ್ರೆ ಎಳೀಬಾರ್ದು. ಬಾಲ ಹಿಡ್ಕೊಂಡು ಹಿಂದೆ ಹೋಗ್ಬೇಕು."

ಹೀಗೇ ವರ್ಷ ಆಯ್ತು. ಒಂದಿನ ಬೆಳಗ್ಗೆ ಚಿಕ್ಕತಾಯಿಗೆ ಹೆರಿಗೆ ನೋವು ಬಂತು. ಮಗು ಅಡ್ಡ ತಿರುಗಿದೆ. ಸೂಲಗಿತ್ತಿ ಸಣ್ಣಮ್ಮಜ್ಜಿ ಇರೋದು ಗುಡ್ಡದಾಚೆ. ದ್ಯಾವಣ್ಣ ಕುದುರೆ ಹತ್ತಿ ಹೋದ, ಅಜ್ಜೀನ ಕುದುರೆ ಮೇಲೆ ಕೂರಿಸಿ ತಾನು ನಡ್ಕೊಂಡು ಹೊರಟ. ಅರ್ಧ ದಾರೀಲಿ ಹಿಮಗಾಳಿ ಎದ್ದಿತು. ಕೇಳಿ, ನಡು ಮಧ್ಯಾಹ್ನ, ತನ್ನ ಕೈ ತನಗೆ ಕಾಣ್ತಿಲ್ಲ. ಮುಂದೆ ಒಂದು ಬಯಲು. ಅಲ್ಲಿ ಕುದುರೆ ನಿಂತುಬಿಡ್ತು.

ಎಳೆದ. ಬೈದ. ಕೈ ಮುಗಿದ. ಊಹೂಂ.

ಕುದುರೆ ಬೆನ್ನ ಮೇಲೆ, ಅಜ್ಜಿ ಆಚೀಚೆ, ಗೇಣು ಹಿಮ ಕೂತಿದೆ, ಕರಗ್ತಾ ಇಲ್ಲ. ಕುದುರೆ ಸತ್ತೇಹೋಯ್ತು, ನಮ್ ಚಿಕ್ಕತಾಯಿ ಗತಿಯೇನು ಅಂತ ಅಳು ಬಂತು ಅವನಿಗೆ. ಕುದುರೆ ಕೊರಳಿಗೆ ಒರಗಿ, ಕೂದಲೊಳಗೆ ಕೈ ಹಾಕಿದ. ಒಲೆ ಪಕ್ಕದ ಗೋಡೆ ಹಂಗೆ ಬೆಚ್ಚಗಿದೆ!

ಆಗ ನೆನಪಾಯ್ತು, ಕಂಬಕ್ಕೆ ಹೇಳಿದ್ದು. ಇದು ಸುಮ್ನೆ ನಿಂತಿಲ್ಲ ಅಂತ ಕೈಲಿದ್ದ ಕೋಲನ್ನ ಮುಂದಕ್ಕೆ ಊರಿದ. ಹಪ್ಪಳ ಮುರಿದ ಹಾಗೆ ಚಟ್ ಅಂತು, ಕೋಲು ನೀರಿಗೆ ಹೋಯ್ತು. ಬಯಲಲ್ಲ, ಕೆರೆ.

ದ್ಯಾವಣ್ಣ ಹಗ್ಗ ಬಿಟ್ಟ. ಹಿಂದೆ ಬಂದು ಬಾಲ ಹಿಡ್ಕೊಂಡ.

"ಈಗ ಬುದ್ಧಿ ಬಂತಾ ಮಗಾ?" ಅಂದ್ಲು ಅಜ್ಜಿ ಮೇಲಿಂದ.

ಕುದುರೆ ಕೆರೆ ಏರಿ ಬಳಸ್ಕೊಂಡು, ಕಣಿವೆ ಇಳಿದು, ಬಾಗಿಲಿಲ್ಲದ ಮನೆ ಮುಂದೆ ನಿಂತಿತು. ಸಂಜೆ ದೀಪ ಹಚ್ಚೋ ಹೊತ್ತಿಗೆ ತಾಯಿ ಮಗಳು ಎರಡೂ ಜೀವ ಕ್ಷೇಮ. ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಅಂತಾರಲ್ಲ, ಅದೇ.

ಅವರ ಒಲೆ ಅಲ್ಲಿ ಉರೀಲಿ, ನಮ್ಮೊಲೆ ಇಲ್ಲಿ ಉರೀಲಿ. ಕತೆ ಮುಗೀತು, ಒಂದು ಮಾತು ಉಳೀತು.

ಅತ್ತೆ ಕೂಸನ್ನ ತಂದು ದ್ಯಾವಣ್ಣನ ಮಡಿಲಿಗೆ ಹಾಕಿದ್ಲು. ಕಂಬದ ಕಡೆ ಒಂದ್ಸಲ ನೋಡಿದ್ಲು. ಆಮೇಲೆ ಮೊದಲ್ನೇ ಸಲ ಅವನ ಮುಖ ನೋಡಿ ಅಂದ್ಲು:

"ಅಳಿಯಂದ್ರೇ, ಈ ಕಂಬಕ್ಕೆ ಒಂದು ವರ್ಷ ಹೇಳ್ದೆ, ಇನ್ನೂ ಬುದ್ಧಿ ಬಂದಿಲ್ಲ. ನೀವು ಪರವಾಗಿಲ್ಲ."