ಹಸಿ ಗಾರೆ ಮೇಲಿನ ತಾಯಿ

ಕೇಳ್ರಪ್ಪಾ, ಕೇಳ್ರವ್ವಾ. ಏಳು ಹೊಳೆ ದಾಟಿ, ಏಳು ಕಡಲು ದಾಟಿ ಹೋದರೆ ಇಟಲಿ ಅಂತ ಒಂದು ಸೀಮೆ. ಅಲ್ಲೊಂದು ಕೆರೆ. ಆ ಕೆರೆದಂಡೇಲಿ ಊರವರು ಕಲ್ಲಿನ ಇಗರ್ಜಿ ಕಟ್ಟಿದರು. ಎಷ್ಟು ವರ್ಷ ಕಟ್ಟಿದರು ಅಂತೀರಿ? ಅಜ್ಜ ಪಾಯ ಹಾಕಿದ, ಮಗ ಕಮಾನು ಎತ್ತಿದ, ಮೊಮ್ಮಗ ಮಾಡು ಹೊದಿಸಿದ. ಕಂಬಗಳು ಯಾವುದೋ ಕಾಲದ ಪಾಳು ಗುಡಿಯಿಂದ ತಂದವು, ಒಂದರಂತೆ ಇನ್ನೊಂದಿಲ್ಲ. ಕಿಟಕಿಗೆ ಗಾಜಿಲ್ಲ, ಎಲೆಯಷ್ಟು ತೆಳ್ಳಗೆ ಸೀಳಿದ ಬಿಳಿಗಲ್ಲು. ಬಿಸಿಲು ಅದರೊಳಗೆ ಸೋಸಿ ಜೇನಿನ ಹಾಗೆ ಇಳೀತಿತ್ತು. ಬೆಳಗಿನ ಮಂಜಲ್ಲಿ ನೋಡಿದರೆ ಇಗರ್ಜಿ ನೀರ ಮೇಲೆ ತೇಲ್ತಾ ಇದೆಯೇನೋ ಅನ್ನಿಸೋದು.

ಕೂಸು ಎತ್ತಿಕೊಂಡ ಮೇರಿಯಮ್ಮನ್ನ ಗೋಡೆ ಮೇಲೆ ಬರೆಯೋಕೆ ಲಾಪೋ ಅನ್ನೋ ಚಿತ್ರಗಾರ ಬಂದ. ಹಸಿ ಗಾರೆ ಮೇಲೆ ಬರೆಯೋ ಕೆಲಸ ಅದು. ಗಾರೆ ಹಸಿ ಇದ್ದಾಗ ಹಚ್ಚಿದ ಬಣ್ಣಾನ ಗೋಡೆನೇ ಕುಡಿದುಬಿಡುತ್ತೆ. ಒಣಗಿತೋ, ಮುಗೀತು.

ಮೊದಲ ದಿನ ಮುಖ ಬರೆದ. ರಾಣಿ ಹಂಗಿತ್ತು, ತಾಯಿ ಹಂಗಿರಲಿಲ್ಲ. ಕೆರೆದು ಹಾಕಿದ. ಎರಡನೇ ದಿನ ಬರೆದ. ಬೊಂಬೆ ಹಂಗಿತ್ತು. ಕೆರೆದು ಹಾಕಿದ. ಮೂರನೇ ದಿನ ಗಾರೆ ಮೆತ್ತಿದ, ಕುಂಚ ಹಿಡಿದ, ಕೈ ಏಳಲಿಲ್ಲ.

ಗಾರೆಗೆ ನೀರು ಹೊರೋಳು ಟೆಸ್ಸಾ. ಹೋದ ಚಳಿಗಾಲ ಜ್ವರದಲ್ಲಿ ಕೂಸು ಕಳಕೊಂಡಿದ್ದಳು. ಹೊತ್ತವಳಿಗೇ ಗೊತ್ತು ಕೊಡದ ಭಾರ, ಅಲ್ವೇನ್ರವ್ವಾ? ಆವತ್ತು ಬಾಗಿಲ ಹತ್ತಿರ ಕೊಡ ಇಳಿಸ್ತಿದ್ದಾಗ ಒಬ್ಬ ಮೀನುಗಾರ್ತಿ ಕೂಸು ಎತ್ತಿಕೊಂಡು ಓಡಿ ಬಂದಳು.

"ಒಂಚೂರು ಹಿಡ್ಕೊಳ್ಳೇ ಟೆಸ್ಸಾ, ಬಲೆ ಕೊಚ್ಚಿಹೋಗ್ತಾ ಇದೆ!"

ಬೇಡ ಅನ್ನೋಕೂ ಬಿಡಲಿಲ್ಲ. ಅಳೋ ಕೂಸನ್ನ ತೋಳಿಗೆ ಹಾಕಿ ಓಡಿದಳು. ಟೆಸ್ಸಾ ಮೊದಲು ಹೆದರಿ ಕೂಸನ್ನ ಮೈಯಿಂದ ದೂರ ಹಿಡಿದಳು. ಆಮೇಲೆ ಎದೆಗೆ ಒತ್ತಿಕೊಂಡಳು. ಜೇನು ಬೆಳಕಲ್ಲಿ ಬಗ್ಗಿ ಕೂಸಿನ ಮುಖ ನೋಡಿದಳು. ಲಾಪೋ ಅವಳ ಮುಖಾನೇ ನೋಡ್ತಾ ಬರೆದ. ಗಾರೆ ಒಣಗೋ ಮುಂಚೆ ಬರೆದ.

ಮಾರನೇ ದಿನ ಪಾದ್ರಿ ಬಂದು ನೋಡಿದ.

"ಏನಯ್ಯಾ ಇದು? ದೇವರ ತಾಯಿ ಕಣ್ಣಲ್ಲಿ ಹೆದರಿಕೆನಾ? ತೆಗೆದುಹಾಕು!"

"ಗೋಡೆ ಕುಡಿದಾಯ್ತು ಸ್ವಾಮಿ. ಇನ್ನು ಕಲ್ಲು ಕೆತ್ತಿದ ಹಂಗೆ ಕೆತ್ತಬೇಕು" ಅಂದ ಲಾಪೋ.

"ಹಂಗಾದರೆ ನಾನೇ ಕೆತ್ತುತೀನಿ" ಅಂತ ಪಾದ್ರಿ ಉಳಿ ಹಿಡಿದು ಅಟ್ಟಣೆ ಹತ್ತಿದ.

ಯಾರು ಅಡ್ಡ ಬಂದರು? ಲಾಪೋ ಬಂದನಾ? ಇಲ್ಲ. ಊರ ಹಿರಿಯರು ಬಂದರಾ? ಇಲ್ಲ. ಟೆಸ್ಸಾ ಬಂದಳು.

"ಸ್ವಾಮಿ, ಕೂಸು ಎತ್ತಿಕೊಂಡ ಯಾವ ತಾಯಿಗೆ ಹೆದರಿಕೆ ಇಲ್ಲ, ಹೇಳಿ? ನನ್ನ ಮಗಳು ನೂತಾನ್ನ ಎತ್ತಿಕೊಂಡಾಗ ನನಗೂ ಇತ್ತು. ಅಷ್ಟು ಸಣ್ಣದು ಅದು, ಅಷ್ಟು ಬಿಸಿ. ಮೇರಿಯಮ್ಮನಿಗೆ ಮಾತ್ರ ಇರಬಾರದಾ?"

ಪಾದ್ರಿ ಉಳಿ ಕೆಳಗಿಟ್ಟ. ಒಂದೊಂದೇ ಮೆಟ್ಟಿಲು ಇಳಿದು ಬಂದ.

"ಎಷ್ಟು ತಿಂಗಳಾಗಿತ್ತಮ್ಮಾ, ನಿನ್ನ ನೂತಾಗೆ?"

"ಏಳು" ಅಂದಳು ಟೆಸ್ಸಾ. "ಹಲ್ಲು ಮೂಡ್ತಿತ್ತು."

ಪಾದ್ರಿ ನೆಲದ ಮೇಲೇ ಕೂತ. ಟೆಸ್ಸಾನೂ ಕೂತಳು. ಬಿಸಿಲು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸರಿಯೋವರೆಗೂ ಅವಳು ಮಗಳ ಮಾತು ಹೇಳ್ತಾನೇ ಇದ್ದಳು.

ಹೇಳಿದವಳ ಎದೆ ಹಗುರ, ಕೇಳಿದವರ ಕಣ್ಣು ತಂಪು. ಕತೆ ಅವರ ಕೆರೇಲಿ, ಅನ್ನ ನಮ್ಮ ಒಲೇಲಿ. ಏಳ್ರಪ್ಪಾ, ಏಳ್ರವ್ವಾ.