ತೊಳೆದ ಕಾಲು

"ಹಲೋ... ಯಾರು ಮಾತಾಡ್ತಿರೋದು? ಗಂಟೆ ಹೊಡೆಯೋ ಅಜ್ಜನಾ? ಅಜ್ಜಾ, ಫಾದರ್‌ಗೆ ಕೊಡಿ ಫೋನು. ಅಕ್ಕ ಅನ್ನಿ ಸಾಕು... ಪೂಜೆಗೆ ಬಟ್ಟೆ ಹಾಕ್ಕೋತಿದಾರಾ? ಅರ್ಧ ಹಾಕ್ಕೊಂಡಿದ್ರೂ ಪರವಾಗಿಲ್ಲ, ಕರೀರಿ ಅಜ್ಜಾ!"

ಬೀದಿಯವರೆಲ್ಲ ಟೈಲರಕ್ಕ ಎಂದು ಕರೆಯುವ ಆಕೆ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡಿದ್ದಳು. ಎಡಗೈಯಲ್ಲಿ ಬಾಯಿಗೆ ಒತ್ತಿದ ಬಿಳಿ ಟವೆಲು, ಅದು ಆಗಲೇ ಅರ್ಧ ಕೆಂಪಾಗಿತ್ತು. ಬಲಗೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ. ಎದುರಿಗೆ ಬಚ್ಚಲುಮನೆಯ ಬಾಗಿಲು. ಹೊರಗಿನಿಂದ ಚಿಲಕ ಹಾಕಿದವಳು ಅವಳೇ, ಒಳಗೆ ಒದೆಯುತ್ತಿದ್ದವನು ಅವಳ ಗಂಡ. ಒಂದೊಂದು ಒದೆತಕ್ಕೂ ಚಿಲಕದ ಮೊಳೆಗಳು ಕೂದಲೆಳೆಯಷ್ಟು ಸಡಿಲವಾಗುತ್ತಿದ್ದವು.

"...ಹಾಂ, ತಮ್ಮಾ. ನಾನೇ... ಆ ಸದ್ದಾ? ನಿನ್ನ ಭಾವ. ಕೂಡಿಹಾಕಿದೀನಿ... ತಮಾಷೆ ಅಲ್ಲ ಕಣೋ. ಮುಂದಿನ ಹಲ್ಲು ಹೋಯ್ತು. ಮಾತು ತೊದಲ್ತಿದೆ, ಅಲ್ವಾ?"

"...ಯಾಕಾ? ಯೇಸು ಶಿಷ್ಯರ ಕಾಲು ತೊಳೆದ ಹಾಗೆ ಇವತ್ತು ಸಂಜೆ ಹನ್ನೆರಡು ಜನರ ಕಾಲು ತೊಳೆದು ಮುತ್ತು ಕೊಡ್ತೀಯಲ್ಲ. ಗಂಟೆ ಗೋಪುರಕ್ಕೆ ವೆಲ್ಡಿಂಗ್ ಮಾಡಿಕೊಟ್ರು ಅಂತ ಇವರ ಹೆಸರನ್ನೂ ಸೇರಿಸಿದೆ. ಸರಿ, ಫಾದರ್ ಮುಂದೆ ಕೊಳಕು ಕಾಲು ಚಾಚೋಕಾಗುತ್ತಾ? ಮರ್ಯಾದೆ ಪ್ರಶ್ನೆ! ಗ್ರೀಸು, ಕಬ್ಬಿಣದ ಪುಡಿ, ಒಡೆದ ಹಿಮ್ಮಡಿ. ತೊಳೆಯೇ ಅಂದ್ರು. ಇಸ್ತ್ರಿ ಮಾಡ್ತಿದ್ದದ್ದು ಬಿಟ್ಟು ಹೋಗಿ ಕೂತೆ. ಕಲ್ಲು ಹಾಕಿ ಉಜ್ಜಿದೆ, ಉಜ್ಜಿದೆ, ನನ್ನ ಉಗುರು ಸವೆಯೋ ತನಕ."

"...ನೀರು ಬಿಸಿ ಜಾಸ್ತಿ ಆಯ್ತಂತೆ. ಬಲಗಾಲು ನನ್ನ ಕೈಯಲ್ಲೇ ಇತ್ತು, ತಮ್ಮಾ. ಅದೇ ಕಾಲಲ್ಲಿ ಬಾಯಿಗೆ ಒದ್ದರು. ಇನ್ನೊಂದು ಒದೆಯೋಕೆ ಎದ್ದವರು ಸೋಪಿನ ನೀರಲ್ಲಿ ಜಾರಿ ಬಿದ್ರು. ತೆವಳ್ಕೊಂಡು ಹೊರಗೆ ಬಂದೆ."

ಫಳಾರ್ ಎಂದಿತು. ಬಾಗಿಲ ಮೇಲಿನ ಗಾಜಿಗೆ ಒಳಗಿನಿಂದ ಚೊಂಬು ಬಿದ್ದಿತ್ತು. ಚೂರುಗಳು ಅವಳ ತಲೆಗೂದಲ ಮೇಲೆ, ಹೊಲಿಗೆ ಮಿಷನ್ನಿನ ಮೇಲೆ, ನೆಲದ ತುಂಬ ಚೆಲ್ಲಿದವು. "ನಿನ್ನ ಕೈಕಾಲು ಮುರಿದು ಇದೇ ತೊಟ್ಟೀಲಿ ಅದ್ದುತೀನಿ ಕಣೇ!" ಎಂದು ಗಂಡ ಅರಚಿದ.

"...ಕೇಳಿಸ್ತಾ? ಇವರನ್ನೇ ಕಣೋ ನೀನು ಕುರ್ಚಿ ಹಾಕಿ ಕೂರಿಸೋದು... ಏನಂದೆ? ಇನ್ನೊಂದ್ಸಲ ಹೇಳು... ದೀನತೆನಾ? ತಗ್ಗಿದವರನ್ನ ದೇವರು ಎತ್ತುತಾನಾ? ಹದಿನೇಳು ವರ್ಷದಿಂದ ತಗ್ಗೇ ಇದೀನಿ, ಎತ್ತೋಕೆ ಯಾರೂ ಬರಲಿಲ್ಲಪ್ಪ!"

"...ಕಾಲು ತೊಳೆಯೋದಕ್ಕೆ ಅರ್ಥ ಇಲ್ಲ ಅಂತ ನಾನೆಲ್ಲಿ ಅಂದೆ? ಹೋದ ವರ್ಷ ನೀನು ಮಂಡಿಯೂರಿದಾಗ ಕೊನೇ ಬೆಂಚಲ್ಲಿ ಕೂತು ಗಳಗಳ ಅತ್ತವಳು ನಾನು. ಅರ್ಥ ಇರೋದಕ್ಕೇ ಫೋನ್ ಮಾಡಿದ್ದು. ಇಲ್ದಿದ್ರೆ ನೀನು ಯಾರ ಕಾಲು ತೊಳೆದ್ರೆ ನನಗೇನು?... ಹೆಬ್ಬೆರಳ ಸಂದಿಯಲ್ಲಿ ನನ್ನ ರಕ್ತ ಇದೆ. ಅಲ್ಲಿಗೇ ಮುತ್ತು ಕೊಡ್ತೀಯಾ, ತಮ್ಮಾ?"

"...ಪೊಲೀಸಾ? ಹೋದ ಸಲ ಬಂದಿದ್ರಲ್ಲ. ಮನೆ ವಿಷಯ, ನಾನು ನೋಡ್ಕೋತೀನಿ ಅಂತ ವಾಪಸ್ ಕಳಿಸಿದ್ದು ಯಾರು? ನೀನೇ ತಾನೇ! ನಿನ್ನ ನಿಲುವಂಗಿ ನೋಡಿ ಅವರು ಕೈಮುಗಿದು ಹೋದ್ರು. ಆವತ್ತು ರಾತ್ರಿ ನನ್ನ ಪಕ್ಕೆಲುಬು ಹೋಯ್ತು. ನಿನಗೆ ಹೇಳಲಿಲ್ಲ ಅಷ್ಟೇ."

ಚಿಲಕದ ಒಂದು ಮೊಳೆ ಟಣ್ಣೆಂದು ನೆಲಕ್ಕೆ ಬಿತ್ತು. ಅವಳು ಇಸ್ತ್ರಿಪೆಟ್ಟಿಗೆಯನ್ನು ಬಾಗಿಲ ಕಡೆಗೆ ಎತ್ತಿ ಹಿಡಿದಳು.

"...ಅರ್ಧ ಗಂಟೆನಾ? ಪೂಜೆ ಮುಗಿಸ್ಕೊಂಡಾ? ಎರಡೇ ಮೊಳೆ ಉಳಿದಿವೆ ಕಣೋ! ಕೇಳು. ನನ್ನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದೆ, ಚೆನ್ನಾಗಿ ಕಾದಿದೆ. ಅವನು ಹೊರಗೆ ಬಂದ್ರೆ ಮುಖದ ಮೇಲೇ ಇಡ್ತೀನಿ. ಚರ್ಮ ಕಿತ್ಕೊಂಡು ಬರೋ ತನಕ ಒತ್ತಿ ಹಿಡೀತೀನಿ. ಇಲ್ಲಾಂದ್ರೆ ಅವನು ನನ್ನ ಕೊಲ್ತಾನೆ. ಎರಡರಲ್ಲಿ ಒಂದು."

ಗಂಡನನ್ನು ಅವಳು ಅವನು ಎಂದದ್ದು ಅದೇ ಮೊದಲು. ಅಂದುಬಿಟ್ಟ ಮೇಲೆ ಎದೆ ಹಗುರಾಯಿತು. ಹೆದರಿಕೆಯೂ ಆಯಿತು, ಸುಳ್ಳು ಯಾಕೆ.

"...ಟವೆಲಾ? ಇನ್ನೂ ಟವೆಲಿನ ಚಿಂತೆನಾ ನಿನಗೆ! ಕಾಲು ಒರೆಸೋ ಹನ್ನೆರಡಕ್ಕೂ ಅಂಚು ಹೊಲಿದು ಮಡಿಸಿಟ್ಟಿದ್ದೆ. ಈಗ ಹನ್ನೊಂದು. ಒಂದು ನನ್ನ ಬಾಯಲ್ಲಿದೆ."

"...ಅಮ್ಮ ಸತ್ತಾಗ ನಿನಗೆ ನಾಲ್ಕು ವರ್ಷ. ಮಲಗೋ ಮುಂಚೆ ದಿನಾ ನಿನ್ನ ಕಾಲು ತೊಳೆದವಳು ಯಾರೋ? ಜನ ನೋಡ್ಲಿ ಅಂತಾನಾ ತೊಳೆದೆ? ಅದನ್ನ ವಾಪಸ್ ಕೇಳ್ತಿಲ್ಲ ನಾನು. ಬಾ ಅಂತಿದೀನಿ, ಅಷ್ಟೇ. ಉಳಿದ ಹನ್ನೊಂದು ಜನ ಕಾಯಲಿ ಬಿಡು. ಅವರು ಕಾಲು ಮನೇಲೇ ತೊಳ್ಕೊಂಡು ಬಂದಿರ್ತಾರೆ."

"...ಹಲೋ?... ಇದೀಯಾ?... ಯಾಕೋ ಮಾತಾಡ್ತಿಲ್ಲ?"

ಫೋನಿನೊಳಗೆ ಏನೋ ಲೋಹದ್ದು ಉರುಳಿ ಗಿರಗಿರನೆ ಸುತ್ತಿ ನಿಂತಿತು. ನೀರು ಚೆಲ್ಲಿದ ಸದ್ದು. "ಫಾದರ್, ಎಲ್ಲಿಗೆ? ಜನ ಬಂದಿದಾರೆ!" ಎಂದು ಅಜ್ಜ ಕೂಗಿದ್ದು ದೂರದಲ್ಲಿ ಕೇಳಿಸಿತು. ಆಮೇಲೆ ಏದುಸಿರು, ಕಲ್ಲುಹಾಸಿನ ಮೇಲೆ ಪಟಪಟ ಹೆಜ್ಜೆ. ಚಪ್ಪಲಿಯ ಸದ್ದಲ್ಲ, ಬರಿಗಾಲಿನ ಸದ್ದು. ಕಾಲು ತೊಳೆಯುವ ದಿನ ಅವನು ಚಪ್ಪಲಿ ಮೆಟ್ಟುವುದಿಲ್ಲವೆಂಬುದು ಅವಳಿಗೆ ನೆನಪಾಯಿತು.

ಎರಡನೇ ಮೊಳೆ ಬಿತ್ತು. ಬಾಗಿಲ ಸಂದಿಯಲ್ಲಿ ನಾಲ್ಕು ಬೆರಳು ಕಾಣಿಸಿದವು.

"...ತಮ್ಮಾ! ಓಡಿ ಬರ್ತಿದೀಯಾ? ಬರಿಗಾಲಲ್ಲಿ ಬರಬೇಡ ಕಣೋ, ಯಾರದಾದ್ರೂ ಚಪ್ಪಲಿ ಮೆಟ್ಕೊಂಡು ಬಾ. ಇಲ್ಲಿ ನೆಲ ತುಂಬ ಗಾಜಿನ ಚೂ..."